ಬ್ಯಾಕ್ (ಪಾಸಾಗದ ಪೇಪರ್) ಉಳಿದರೆ ಮುಂದಿನ ವರ್ಷಕ್ಕೆ ಹೋಗಬಹುದಾ? ಪದವಿ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಫಲಿತಾಂಶ ಬಂದ ದಿನ ಕಾಲೇಜಿನ ಕಾರಿಡಾರಿನಲ್ಲಿ ಮೊಬೈಲ್ ಎತ್ತಿ ತೋರಿಸಿ ನಗುವ ಮಕ್ಕಳಿರುತ್ತಾರೆ. ಮೊಬೈಲ್ ಜೇಬಿಗೆ ಹಾಕಿಕೊಂಡು ಯಾರ ಹತ್ತಿರವೂ ಮಾತಾಡದೆ ಬಸ್ ಸ್ಟ್ಯಾಂಡ್ ಕಡೆ ನಡೆಯುವವರೂ ಇರುತ್ತಾರೆ. ಆ ಎರಡನೆಯವರಲ್ಲಿ ಕೆಲವರು ಮತ್ತೆ ಕಾಲೇಜಿನ ಮುಖ ನೋಡುವುದಿಲ್ಲ. ಸರ್ಕಾರಿ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತಾ, ಪ್ರವೇಶ ಮತ್ತು ಪರೀಕ್ಷೆಯ ಕೆಲಸ ನೋಡಿಕೊಳ್ಳುತ್ತಾ ಕಳೆದ ವರ್ಷಗಳಲ್ಲಿ ನಾನು ಕಂಡದ್ದಿಷ್ಟು: ಫೇಲಾದ ಕಾರಣಕ್ಕೆ ಓದು ನಿಂತವರು ಕಡಿಮೆ. ಫೇಲಾದ ಮೇಲೆ ಮುಂದೇನು ಅಂತ ಗೊತ್ತಾಗದೆ ಓದು ಬಿಟ್ಟವರು ಹೆಚ್ಚು. ಮುಂದೆ ಹೋಗುವ ಹಕ್ಕು ಅವರಿಗೆ ಇತ್ತು. ಹೇಳುವವರು ಇರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆದಿದ್ದೇನೆ. ನಿಮ್ಮ ಪ್ರಶ್ನೆ ಯಾವುದೋ ಅಲ್ಲಿಗೇ ಹೋಗಿ ಓದಿ.

ಒಂದನೇ ಸೆಮ್‌ನಲ್ಲಿ ಮೂರು ಪೇಪರ್ ಹೋಗಿದೆ ಮೇಡಂ. ಎರಡನೇ ಸೆಮ್ ಕ್ಲಾಸಿಗೆ ಬರಬಹುದಾ?

ಬನ್ನಿ, ನಾಳೆಯೇ ಬನ್ನಿ. ನಮ್ಮ ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳ ಬಿಎ, ಬಿಕಾಂ, ಬಿಎಸ್ಸಿಯಂಥ ಪದವಿಗಳಲ್ಲಿ ಹೋದ ಪೇಪರನ್ನು ಬಾಕಿ ಇಟ್ಟುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗುವ ಅವಕಾಶ ಸಾಮಾನ್ಯವಾಗಿ ಇದ್ದೇ ಇದೆ. ಇದನ್ನೇ ಕ್ಯಾರಿ ಓವರ್ ಅನ್ನುತ್ತಾರೆ. ಹೋದ ಪೇಪರಿಗೆ ಮತ್ತೆ ಪರೀಕ್ಷಾ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಮುಂದೆ ಆ ಪರೀಕ್ಷೆ ನಡೆದಾಗ ಬರೆಯುತ್ತೀರಿ. ಪಾಸಾದ ಪೇಪರುಗಳನ್ನು ಮತ್ತೆ ಬರೆಯಬೇಕಿಲ್ಲ, ಹಾಜರಾತಿ ಮತ್ತೆ ಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ. ಬೆಸ ಸಂಖ್ಯೆಯ ಸೆಮಿಸ್ಟರಿನ ಪೇಪರನ್ನು ಬೆಸ ಸೆಮಿಸ್ಟರಿನ ಪರೀಕ್ಷೆ ನಡೆಯುವಾಗ ಮಾತ್ರ ಬರೆಸುವ ವಿಶ್ವವಿದ್ಯಾಲಯಗಳಿವೆ. ಎಲ್ಲ ಸೆಮಿಸ್ಟರಿನ ಬಾಕಿ ಪೇಪರುಗಳನ್ನೂ ಪ್ರತಿ ಸಲ ಇಡುವ ವಿಶ್ವವಿದ್ಯಾಲಯಗಳೂ ಇವೆ. ಮೊದಲ ಬಗೆಯದಾದರೆ ಒಂದನೇ ಸೆಮ್‌ನ ಪೇಪರಿಗೆ ಅವಕಾಶ ವರ್ಷಕ್ಕೆ ಒಂದೇ ಸಲ. ಮೂರನೇ ಸೆಮ್ ಪರೀಕ್ಷೆಯ ಅರ್ಜಿ ತುಂಬುವಾಗ ಒಂದನೇ ಸೆಮ್‌ನ ಪೇಪರಿಗೂ ಗುರುತು ಹಾಕಿದ್ದೀರಾ ಅಂತ ಎರಡು ಸಲ ನೋಡಿ. ಮರೆತು ಒಂದು ವರ್ಷ ಕಳೆದುಕೊಂಡ ಮಕ್ಕಳನ್ನು ನಾನು ಪ್ರತಿ ವರ್ಷ ನೋಡಿದ್ದೇನೆ.

ಮಗ ಫೇಲಾಗಿದ್ದಾನೆ ಅಂತ ಅಕ್ಕಪಕ್ಕದವರು ಹೇಳುತ್ತಿದ್ದಾರೆ. ಅವನ ಒಂದು ವರ್ಷ ಹಾಳಾಯಿತಾ?

ಇಲ್ಲ. ನಿಮ್ಮ ಕಾಲದಲ್ಲಿ ವಾರ್ಷಿಕ ಪರೀಕ್ಷೆ ಇತ್ತು, ಫೇಲ್ ಅಂದರೆ ವರ್ಷ ಹೋಯಿತು ಅನ್ನುವ ಭಯ ಅಲ್ಲಿಂದ ಬಂದದ್ದು. ಈಗ ಪ್ರತಿ ಪೇಪರಿನ ಲೆಕ್ಕ ಬೇರೆ ಬೇರೆ. ಆರು ಪೇಪರಿನಲ್ಲಿ ಎರಡು ಹೋಗಿದ್ದರೆ ನಾಲ್ಕು ಉಳಿದಿದೆ ಅಂತಲೇ ಅರ್ಥ, ಆ ನಾಲ್ಕನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ದಯವಿಟ್ಟು ಈ ಒಂದು ಫಲಿತಾಂಶ ನೋಡಿ ಹುಡುಗನನ್ನು ಗ್ಯಾರೇಜಿಗೋ ಹುಡುಗಿಯನ್ನು ಗಾರ್ಮೆಂಟ್ಸಿಗೋ ಕಳಿಸುವ ತೀರ್ಮಾನ ಮಾಡಬೇಡಿ. ಅಪ್ಪ ಅಮ್ಮ ಇಬ್ಬರಲ್ಲಿ ಯಾರಾದರೂ ಒಂದು ದಿನ ಕೂಲಿ ಬಿಟ್ಟಾದರೂ ಕಾಲೇಜಿಗೆ ಬಂದು ವಿಚಾರಿಸಿ.

ಫೇಲಾಗುವುದು ಮತ್ತು ಅಟೆಂಡೆನ್ಸ್ ಶಾರ್ಟೇಜ್, ಎರಡರಲ್ಲಿ ಯಾವುದು ದೊಡ್ಡ ತೊಂದರೆ?

ಅಟೆಂಡೆನ್ಸ್. ಈ ಉತ್ತರ ಕೇಳಿ ಮಕ್ಕಳು ಬೆಚ್ಚಿ ಬೀಳುತ್ತಾರೆ, ಆದರೆ ನಿಯಮ ಹಾಗೇ ಇದೆ. ಪೇಪರ್ ಹೋದರೆ ಮುಂದಿನ ಸೆಮ್‌ಗೆ ಹೋಗುತ್ತೀರಿ. ಹಾಜರಾತಿ ಕಡಿಮೆಯಾದರೆ ಹಾಲ್ ಟಿಕೆಟ್ಟೇ ಬರುವುದಿಲ್ಲ. ಪರೀಕ್ಷೆಗೆ ಕೂರದಿದ್ದರೆ ಆ ಸೆಮಿಸ್ಟರ್ ಮುಗಿದಂತಾಗುವುದಿಲ್ಲ. ಅದೇ ಸೆಮಿಸ್ಟರ್ ಮತ್ತೆ ನಡೆಯುವುದು ಮುಂದಿನ ವರ್ಷ. ಆಗ ಮರುಪ್ರವೇಶ ಪಡೆದು, ಕಿರಿಯರ ಜೊತೆ ಮೊದಲಿಂದ ತರಗತಿಗೆ ಕೂರಬೇಕು. ನಿಜವಾಗಿ ವರ್ಷ ಹೋಗುವುದು ಹೀಗೆ.

ಲೆಕ್ಕ ಸುಲಭ. ವಾರಕ್ಕೆ 4 ತರಗತಿ ಇರುವ ಪೇಪರು, 16 ವಾರ ಪಾಠ ನಡೆದರೆ ಒಟ್ಟು 64 ತರಗತಿ. ಕನಿಷ್ಠ ಬೇಕಾದ ಹಾಜರಾತಿ 75 ಶೇಕಡಾ, ಅದು 48 ತರಗತಿ. ಅಂದರೆ ಇಡೀ ಸೆಮಿಸ್ಟರಿನಲ್ಲಿ ತಪ್ಪಿಸಬಹುದಾದದ್ದು 16 ತರಗತಿ ಮಾತ್ರ. ಭತ್ತದ ಕೊಯ್ಲಿಗೆ ಒಂದು ವಾರ, ಊರ ಜಾತ್ರೆಗೆ ಮೂರು ದಿನ, ಅಕ್ಕನ ಮದುವೆಗೆ ಒಂದು ವಾರ, ನಡುವೆ ಜ್ವರ ಬಂದು ಐದು ದಿನ. ಹದಿನಾರರ ಹತ್ತಿರ ಯಾವಾಗ ಬಂದೆವು ಅಂತ ತಿಳಿಯುವುದೇ ಇಲ್ಲ. ಲೆಕ್ಕ ಹಾಕುವುದು ಪ್ರತಿ ಪೇಪರಿಗೂ ಪ್ರತ್ಯೇಕವಾಗಿ, ಇದನ್ನು ನೆನಪಿಡಿ. ಬೆಳಗಿನ ಮೊದಲ ತರಗತಿ ಹಳ್ಳಿ ಬಸ್ಸಿನ ಮಕ್ಕಳಿಗೆ ಯಾವಾಗಲೂ ತಪ್ಪುತ್ತದೆ. ಆ ಒಂದೇ ಪೇಪರಿನಲ್ಲಿ ಹಾಜರಾತಿ ಕುಸಿದಿರುತ್ತದೆ.

ಆಸ್ಪತ್ರೆ ಸೇರಿದ್ದರೆ ಡಿಸ್ಚಾರ್ಜ್ ಕಾಗದ ಇಟ್ಟುಕೊಳ್ಳಿ. ಎನ್‌ಸಿಸಿ, ಎನ್‌ಎಸ್‌ಎಸ್, ಕ್ರೀಡಾಕೂಟಕ್ಕೆ ಕಾಲೇಜಿನ ಪರವಾಗಿ ಹೋಗಿದ್ದರೆ ಆ ದಿನಗಳ ಪತ್ರವನ್ನು ಹಿಂದಿರುಗಿದ ವಾರದಲ್ಲೇ ಪ್ರಾಂಶುಪಾಲರಿಗೆ ಕೊಡಿ. ಮನ್ನಾ ಮಾಡುವ ಅವಕಾಶ ನಿಯಮದಲ್ಲಿದೆ, ಅದಕ್ಕೂ ಮಿತಿ ಇದೆ. ಪರೀಕ್ಷೆ ಹತ್ತಿರ ಬಂದಾಗ ತಂದ ಹಳೆಯ ವೈದ್ಯಕೀಯ ಪ್ರಮಾಣಪತ್ರವನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ.

ಅಣ್ಣನಿಗೆ ಒಂದು ನಿಯಮ, ನನಗೆ ಇನ್ನೊಂದು, ತಂಗಿಗೆ ಮತ್ತೊಂದು. ಯಾಕೆ ಹೀಗೆ?

ನೀವು ಪದವಿಗೆ ಸೇರಿದ ವರ್ಷ ಯಾವ ನಿಯಮ ಇತ್ತೋ ಅದೇ ನಿಮ್ಮ ನಿಯಮ. ಆಮೇಲೆ ಸರ್ಕಾರ ಬದಲಾಗಲಿ, ಪಠ್ಯಕ್ರಮ ಬದಲಾಗಲಿ, ಓದು ನಿಲ್ಲಿಸದೆ ಮುಂದುವರಿದರೆ ನಡುವೆ ನಿಮ್ಮ ನಿಯಮ ಸಾಮಾನ್ಯವಾಗಿ ಬದಲಾಗುವುದಿಲ್ಲ. ಈ ಪುಟದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಕರ್ನಾಟಕದಲ್ಲಿ ಕೆಲವೇ ವರ್ಷಗಳಲ್ಲಿ ಮೂರು ಪದ್ಧತಿ ಬಂದುಹೋದವು. 2020-21ರವರೆಗೆ ಸೇರಿದವರದ್ದು ಹಳೆಯ ಮೂರು ವರ್ಷದ ಪದವಿ. 2021ರ ಆಗಸ್ಟಿನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತರುವ ಆದೇಶ ಹೊರಟಿತು, ದೇಶದಲ್ಲೇ ನಾವು ಮೊದಲು ತಂದವರು. 2021-22, 2022-23, 2023-24ರಲ್ಲಿ ಸೇರಿದ ಮೂರು ಬ್ಯಾಚು ಎನ್‌ಇಪಿಯವರು. ನಾಲ್ಕು ವರ್ಷದ ಆನರ್ಸ್, ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆಯ್ದುಕೊಳ್ಳುವ ಪೇಪರ್), ನಡುವೆ ಬಿಟ್ಟರೂ ಪ್ರಮಾಣಪತ್ರ ಎಂಬ ಮಾತುಗಳೆಲ್ಲ ಇವರ ಕಾಲದವು. 2023ರ ಅಕ್ಟೋಬರಿನಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಬಂದು, 2024-25ರಿಂದ ಸೇರಿದವರಿಗೆ ಮತ್ತೆ ಮೂರು ವರ್ಷದ ಪದವಿ. ಇವರನ್ನು ಈಗ ಎಸ್‌ಇಪಿ ಬ್ಯಾಚ್ ಅನ್ನುತ್ತೇವೆ.

ಹೀಗಾಗಿ ಒಂದೇ ಮನೆಯಲ್ಲಿ, ಒಂದೇ ಕಾಲೇಜಿಗೆ ಹೋದ ಮೂವರು ಅಣ್ಣತಂಗಿಯರ ಮಾರ್ಕ್ಸ್ ಕಾರ್ಡು ಮೂರು ಬಗೆ. ಎನ್‌ಇಪಿಯಲ್ಲಿ ಪೇಪರಿಗೆ 60 ಅಂಕದ ಪರೀಕ್ಷೆ, 40 ಅಂಕದ ಆಂತರಿಕ ಮೌಲ್ಯಮಾಪನ. ಎಸ್‌ಇಪಿಯಲ್ಲಿ ಅದು 80 ಮತ್ತು 20 ಆಯಿತು. ಅಣ್ಣ ಹೇಳಿದ ಬುದ್ಧಿಮಾತನ್ನು ತಂಗಿ ಹಾಗೇ ಪಾಲಿಸಿದರೆ ತಪ್ಪಾಗುವುದು ಇಲ್ಲೇ. ಆಂತರಿಕ ಅಂಕದ ಮೇಲೆ ಭಾರ ಹಾಕಿ ಪಾಸಾಗುವ ಲೆಕ್ಕ ಈಗ ನಡೆಯುವುದಿಲ್ಲ.

ಯಾರನ್ನೇ ಏನೇ ಕೇಳುವ ಮೊದಲು ಈ ಮೂರು ಹೇಳಿ: ಸೇರಿದ ವರ್ಷ, ವಿಶ್ವವಿದ್ಯಾಲಯ, ಪದವಿಯ ಹೆಸರು. ಇದು ಗೊತ್ತಿಲ್ಲದೆ ಉತ್ತರ ಹೇಳುವವರ ಮಾತನ್ನು ನಂಬಬೇಡಿ, ಅವರು ಎಷ್ಟೇ ಪ್ರೀತಿಯ ಸೀನಿಯರ್ ಆಗಿರಲಿ.

ನಾನು ಎನ್‌ಇಪಿ ಬ್ಯಾಚು. ನನ್ನ ಪೇಪರ್ ಈಗ ಕಾಲೇಜಿನಲ್ಲಿ ಯಾರಿಗೂ ಇಲ್ಲ. ಬಾಕಿ ಇರುವುದನ್ನು ಬರೆಯುವುದು ಹೇಗೆ?

ನಿಮ್ಮ ಪಠ್ಯಕ್ರಮದಲ್ಲೇ, ನಿಮ್ಮ ಅಂಕ ಹಂಚಿಕೆಯಲ್ಲೇ ಬರೆಯುತ್ತೀರಿ. ಪಠ್ಯಕ್ರಮ ಬದಲಾದಾಗ ಹಳಬರಿಗಾಗಿ ಪ್ರತ್ಯೇಕ ಪ್ರಶ್ನೆಪತ್ರಿಕೆ ತೆಗೆಯುವುದು ವಿಶ್ವವಿದ್ಯಾಲಯದ ಜವಾಬ್ದಾರಿ. ಪ್ರಶ್ನೆಪತ್ರಿಕೆಯ ಮೇಲೆ ರಿಪೀಟರ್ಸ್ ಅಂತಲೋ ನಿಮ್ಮ ಸ್ಕೀಮಿನ (ನೀವು ಸೇರಿದ ವರ್ಷದ ಪಠ್ಯಕ್ರಮದ) ಹೆಸರೋ ಇರುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಪತ್ರಿಕೆ ಕೈಗೆ ಬಂದ ಕೂಡಲೇ ವಿಷಯ ಸಂಕೇತವನ್ನು ಹಾಲ್ ಟಿಕೆಟಿನ ಜೊತೆ ತಾಳೆ ನೋಡಿ. ಗಡಿಬಿಡಿಯಲ್ಲಿ ಹೊಸ ಸ್ಕೀಮಿನ ಪತ್ರಿಕೆ ಹಳಬರ ಕೈಗೆ ಬಂದದ್ದನ್ನು ನಾನೇ ನೋಡಿದ್ದೇನೆ. ಆ ಹುಡುಗಿ ಇಪ್ಪತ್ತು ನಿಮಿಷ ಬರೆದ ಮೇಲೆ ಅನುಮಾನ ಬಂದು ಕೈ ಎತ್ತಿದಳು, ಉಳಿದುಕೊಂಡಳು.

ಆದರೆ ಈ ಅವಕಾಶಕ್ಕೆ ಕೊನೆಯಿದೆ. ಪ್ರತಿ ಪದವಿಗೂ ಗರಿಷ್ಠ ಅವಧಿ ಅಂತ ಇರುತ್ತದೆ, ಸೇರಿದ ದಿನದಿಂದ ಎಣಿಕೆ. ಅದು ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿ ಬರೆದಿರುತ್ತದೆ, ಕಾಲೇಜಿನ ಕಚೇರಿಯಲ್ಲಿ ಕೇಳಿ ಡೈರಿಯಲ್ಲಿ ಬರೆದುಕೊಳ್ಳಿ. ಹಳೆಯ ಸ್ನೇಹಿತರಿಲ್ಲ, ಪಾಠ ಹೇಳಿದ ಅತಿಥಿ ಉಪನ್ಯಾಸಕರು ಬೇರೆಲ್ಲೋ ಹೋಗಿದ್ದಾರೆ, ಪುಸ್ತಕ ಅಂಗಡಿಯಲ್ಲಿಲ್ಲ. ವರ್ಷ ಕಳೆದಷ್ಟೂ ಕಷ್ಟ ಹೆಚ್ಚುತ್ತದೆ. ನಿಮ್ಮ ಗ್ರಂಥಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಇರುತ್ತದೆ, ಅದನ್ನು ಇವತ್ತೇ ಜೆರಾಕ್ಸ್ ಮಾಡಿಸಿಕೊಳ್ಳಿ.

ಐಎಯಲ್ಲಿ (ಆಂತರಿಕ ಮೌಲ್ಯಮಾಪನದಲ್ಲಿ) ಚೆನ್ನಾಗಿ ಬಂದಿದೆ, ಒಟ್ಟು ಸೇರಿಸಿದರೆ ಪಾಸಾಗಬೇಕಿತ್ತು. ಆದರೂ ಎಫ್ ಯಾಕೆ?

ಸೆಮಿಸ್ಟರ್ ಪರೀಕ್ಷೆಯಲ್ಲೇ ಪ್ರತ್ಯೇಕವಾಗಿ ಒಂದು ಕನಿಷ್ಠ ಅಂಕ ಬೇಕು. ಅದು ಬಾರದಿದ್ದರೆ ಆಂತರಿಕ ಅಂಕ ಎಷ್ಟಿದ್ದರೂ ಉಪಯೋಗವಿಲ್ಲ. ಮತ್ತೆ ಪರೀಕ್ಷೆ ಬರೆದಾಗ ಹಳೆಯ ಆಂತರಿಕ ಅಂಕವೇ ಮುಂದುವರಿಯುತ್ತದೆ, ಅದನ್ನು ಸಾಮಾನ್ಯವಾಗಿ ಮತ್ತೆ ಗಳಿಸಲು ಬರುವುದಿಲ್ಲ. ಹಾಗಾಗಿ ಟೆಸ್ಟು, ಅಸೈನ್‌ಮೆಂಟು ನಡೆಯುವ ವಾರದಲ್ಲಿ ತಪ್ಪಿಸಿಕೊಂಡರೆ ಆ ಖಾಲಿ ಜಾಗ ಪದವಿ ಮುಗಿಯುವವರೆಗೂ ಖಾಲಿಯೇ.

ಎಸ್‌ಜಿಪಿಎ, ಸಿಜಿಪಿಎ ಹೇಗೆ ಲೆಕ್ಕ ಹಾಕುತ್ತಾರೆ?

ಪ್ರತಿ ಪೇಪರಿಗೆ ಇಷ್ಟು ಕ್ರೆಡಿಟ್ ಅಂತ ಇರುತ್ತದೆ, ಅದು ಆ ಪೇಪರಿನ ತೂಕ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಹೇಳಿದ ಹತ್ತರ ಮಾಪನದಲ್ಲಿ ಓ ಗ್ರೇಡಿಗೆ 10 ಅಂಕ, ಎ ಪ್ಲಸ್‌ಗೆ 9, ಎಗೆ 8, ಬಿ ಪ್ಲಸ್‌ಗೆ 7, ಬಿಗೆ 6, ಸಿಗೆ 5, ಪಿಗೆ 4, ಎಫ್‌ಗೆ ಸೊನ್ನೆ. ಕ್ರೆಡಿಟ್ಟನ್ನು ಗ್ರೇಡ್ ಅಂಕದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಿದರೆ ಆ ಸೆಮಿಸ್ಟರಿನ ಎಸ್‌ಜಿಪಿಎ. ಮೂರು ಪೇಪರು ಅಂದುಕೊಳ್ಳಿ: 4 ಕ್ರೆಡಿಟ್ಟಿನದರಲ್ಲಿ ಎ, ಇನ್ನೊಂದು 4 ಕ್ರೆಡಿಟ್ಟಿನದರಲ್ಲಿ ಬಿ, 2 ಕ್ರೆಡಿಟ್ಟಿನದರಲ್ಲಿ ಸಿ. 32, 24, 10 ಸೇರಿ 66. ಹತ್ತು ಕ್ರೆಡಿಟ್ಟಿನಿಂದ ಭಾಗಿಸಿದರೆ 6.6. ಎಲ್ಲ ಸೆಮಿಸ್ಟರುಗಳನ್ನೂ ಸೇರಿಸಿ ಇದೇ ಲೆಕ್ಕ ಮಾಡಿದರೆ ಸಿಜಿಪಿಎ.

ಅದನ್ನು ಶೇಕಡಾಕ್ಕೆ ತಿರುಗಿಸುವಾಗ ಮಾತ್ರ ಜೋಪಾನ. ಸೂತ್ರ ಸ್ಕೀಮಿನಿಂದ ಸ್ಕೀಮಿಗೆ ಬೇರೆ. ಎಂಜಿನಿಯರಿಂಗ್ ಕಾಲೇಜುಗಳ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸುತ್ತಾರೆ, ಸುಮ್ಮನೆ ಹತ್ತರಿಂದ ಗುಣಿಸಿ ಅರ್ಜಿಯಲ್ಲಿ ಬರೆದರೆ ದಾಖಲೆ ಪರಿಶೀಲನೆಯ ದಿನ ಸಿಕ್ಕಿಬೀಳುತ್ತೀರಿ. ಮಾರ್ಕ್ಸ್ ಕಾರ್ಡಿನ ಹಿಂಬದಿ ಓದಿ.

ಕ್ರೆಡಿಟ್ ಬ್ಯಾಂಕು, ಲೆವೆಲ್ 4.5 ಅಂತೆಲ್ಲ ಹೇಳುತ್ತಾರೆ. ಏನದು?

ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಅಂತ ಒಂದಿದೆ. ಅದು ಓದಿನ ಹಂತಗಳಿಗೆ ಮೆಟ್ಟಿಲಿನ ಹಾಗೆ ಸಂಖ್ಯೆ ಕೊಡುತ್ತದೆ. ಹತ್ತನೇ ತರಗತಿ ಮುಗಿದರೆ 3, ಪಿಯುಸಿ ಮುಗಿದರೆ 4. ಪದವಿಯ ಮೊದಲ ವರ್ಷ ಮುಗಿದರೆ 4.5, ಎರಡನೆಯದು 5, ಮೂರನೆಯದು 5.5, ನಾಲ್ಕನೇ ವರ್ಷದ ಆನರ್ಸ್ 6. ಎಂಎ, ಎಂಕಾಂಗೆ 6.5, ಪಿಎಚ್‌ಡಿಗೆ 8. ವರ್ಷಕ್ಕೆ 1200 ಗಂಟೆಯ ಕಲಿಕೆ, ಅದಕ್ಕೆ 40 ಕ್ರೆಡಿಟ್. ಆ ಲೆಕ್ಕದಲ್ಲಿ ಮೂರು ವರ್ಷದ ಪದವಿಗೆ ಯುಜಿಸಿ 120 ಕ್ರೆಡಿಟ್ ಹೇಳುತ್ತದೆ, ನಾಲ್ಕಕ್ಕೆ 160.

ಕ್ರೆಡಿಟ್ ಬ್ಯಾಂಕ್ ಅಂದರೆ ನೀವು ಗಳಿಸಿದ ಕ್ರೆಡಿಟ್ಟುಗಳು ನಿಮ್ಮ ಹೆಸರಿನಲ್ಲಿ ಜಮೆಯಾಗುವ ಖಾತೆ. ಡಿಜಿಲಾಕರ್ ಮೂಲಕ ತೆರೆದರೆ 12 ಅಂಕಿಯ ಗುರುತಿನ ಸಂಖ್ಯೆ ಸಿಗುತ್ತದೆ. ಗಳಿಸಿದ ಕ್ರೆಡಿಟ್ಟಿಗೆ ಗರಿಷ್ಠ ಏಳು ವರ್ಷದ ಆಯುಸ್ಸು. ಖಾತೆ ತೆರೆಯುವಾಗ ಹೆಸರು ಆಧಾರಿನಲ್ಲೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಒಂದೇ ತೆರನಾಗಿ ಇದೆಯೇ ನೋಡಿ. ಒಂದರಲ್ಲಿ ಅಪ್ಪನ ಹೆಸರಿನ ಮೊದಲ ಅಕ್ಷರ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದರಿಂದಲೇ ಎಷ್ಟೋ ಮಕ್ಕಳ ಕ್ರೆಡಿಟ್ ಜಮೆಯಾಗದೆ ನಿಲ್ಲುತ್ತದೆ.

ಎರಡನೇ ವರ್ಷ ಮುಗಿಯಿತು, ಮನೆಯಲ್ಲಿ ಮದುವೆ ಮಾಡುತ್ತಿದ್ದಾರೆ. ಆಮೇಲೆ ಬಂದು ಮುಂದುವರಿಸಬಹುದಾ ಮೇಡಂ?

ಈ ಪ್ರಶ್ನೆಯನ್ನು ಹೆಚ್ಚಿನವರು ಕಚೇರಿಯಲ್ಲಿ ಕೇಳುವುದಿಲ್ಲ. ಎಲ್ಲರೂ ಹೋದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಉತ್ತರ ಸ್ಪಷ್ಟವಾಗಿ ಹೇಳುತ್ತೇನೆ: ಬರಬಹುದು. ಪದವಿಯ ಗರಿಷ್ಠ ಅವಧಿಯೊಳಗೆ ಬಂದು, ನಿಲ್ಲಿಸಿದ ಸೆಮಿಸ್ಟರಿನಿಂದ ಮರುಪ್ರವೇಶ ಪಡೆಯಬಹುದು. ಪಾಸಾದ ನಾಲ್ಕು ಸೆಮಿಸ್ಟರುಗಳು ನಿಮ್ಮವೇ. ನಡುವೆ ಪಠ್ಯಕ್ರಮ ಬದಲಾಗಿದ್ದರೆ ಯಾವ ಪೇಪರಿಗೆ ಯಾವುದು ಸಮ ಅಂತ ವಿಶ್ವವಿದ್ಯಾಲಯ ತೀರ್ಮಾನಿಸುತ್ತದೆ, ಒಂದೆರಡು ಪೇಪರು ಹೆಚ್ಚು ಬರೆಯಬೇಕಾಗಬಹುದು.

ಹೋಗುವ ಮೊದಲು ಎರಡು ಕೆಲಸ ಮಾಡಿ. ನಾಲ್ಕೂ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು ನಿಮ್ಮ ಕೈಯಲ್ಲಿರಲಿ, ತವರಿನ ಬೀರುವಿನಲ್ಲಿ ಬೇಡ. ಟಿಸಿ ತೆಗೆದುಕೊಳ್ಳುವುದನ್ನು ಅವಸರದಲ್ಲಿ ಮಾಡಬೇಡಿ, ಪ್ರಾಂಶುಪಾಲರ ಹತ್ತಿರ ಮಾತಾಡಿ. ಗಂಡನ ಊರು ದೂರವಾದರೆ ಅಲ್ಲಿನ ಕಾಲೇಜಿಗೆ ವರ್ಗಾವಣೆ ಸಾಧ್ಯವೇ ಎಂದು ಕೇಳಿ.

ಓದುತ್ತಿರುವಾಗಲೇ ಗರ್ಭಿಣಿಯಾದರೆ ಓದು ಬಿಡಬೇಕಾಗಿಲ್ಲ. ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ, ಹಾಜರಾತಿಯಲ್ಲಿ ಸಡಿಲಿಕೆ, ಪರೀಕ್ಷಾ ಅರ್ಜಿಯ ದಿನಾಂಕದಲ್ಲಿ ವಿನಾಯಿತಿ ಕೊಡುವಂತೆ ನಿಯಮ ಮಾಡಿಕೊಳ್ಳಿ ಎಂದು 2021ರ ಡಿಸೆಂಬರಿನಲ್ಲಿ ಯುಜಿಸಿ ಎಲ್ಲ ಕುಲಪತಿಗಳಿಗೆ ಪತ್ರ ಬರೆದಿದೆ. ಅದನ್ನು ಉಲ್ಲೇಖಿಸಿ ಅರ್ಜಿ ಕೊಡಿ. ನಾಚಿಕೆ ಪಡುವ ವಿಷಯವೇ ಅಲ್ಲ ಇದು.

ಎನ್‌ಇಪಿ ಬ್ಯಾಚಿನವರಿಗೆ ಒಂದು ವರ್ಷ ಮುಗಿಸಿ ಬಿಟ್ಟರೆ ಸರ್ಟಿಫಿಕೇಟು, ಎರಡಾದರೆ ಡಿಪ್ಲೊಮಾ ಎಂಬ ವ್ಯವಸ್ಥೆ ಇತ್ತು. ನನ್ನ ಅಭಿಪ್ರಾಯ ಕೇಳಿದರೆ, ಅದನ್ನು ನೆಚ್ಚಿಕೊಂಡು ಓದು ನಿಲ್ಲಿಸಬೇಡಿ. ಸರ್ಕಾರಿ ಕೆಲಸದ ಅರ್ಜಿಯಲ್ಲಿ ಕೇಳುವುದು ಪದವಿ. 2024-25ರ ನಂತರ ಸೇರಿದವರು ಮೂರೂ ವರ್ಷ ಮುಗಿಸುವ ಲೆಕ್ಕದಲ್ಲೇ ಇರಿ.

ನಾನು ಸೇರಿದಾಗ ಮೈಸೂರು ವಿಶ್ವವಿದ್ಯಾಲಯ, ಈಗ ಕಾಲೇಜಿನ ಬೋರ್ಡಿನ ಮೇಲೆ ಬೇರೆ ಹೆಸರು. ನನ್ನ ಪದವಿ ಯಾರದ್ದು?

ನೀವು ಯಾವ ವಿಶ್ವವಿದ್ಯಾಲಯದಲ್ಲಿ ನೋಂದಣಿಯಾದಿರೋ ಅದರದ್ದೇ. ಹಾಸನ, ಮಂಡ್ಯ, ಚಾಮರಾಜನಗರಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಆದಾಗ ಅಲ್ಲಿನ ಕಾಲೇಜುಗಳು ಮೈಸೂರಿನಿಂದ ಬೇರೆಯಾದವು, ಕೊಡಗಿನವು ಮಂಗಳೂರಿನಿಂದ. ಅದಕ್ಕೂ ಮೊದಲು ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು. ಮೊದಲೇ ಸೇರಿದ್ದವರು ಮಾತೃ ವಿಶ್ವವಿದ್ಯಾಲಯದಲ್ಲೇ ಮುಗಿಸುತ್ತಾರೆ. ಬಾಕಿ ಪೇಪರಿನ ಅಧಿಸೂಚನೆಗೆ ಹಳೆಯ ವಿಶ್ವವಿದ್ಯಾಲಯದ ಜಾಲತಾಣವನ್ನೇ ನೋಡಬೇಕು. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಅಂಟಿಸುವುದು ಹೊಸಬರದ್ದನ್ನೇ ಹೆಚ್ಚಾಗಿ, ನೀವು ಕಾದು ಕೂತರೆ ದಿನಾಂಕ ದಾಟಿರುತ್ತದೆ.

ಕಾಲೇಜು ಬದಲಿಸಬಹುದಾ?

ಶೈಕ್ಷಣಿಕ ವರ್ಷದ ಆರಂಭದಲ್ಲಿ, ಅಂದರೆ ಮೂರನೇ ಅಥವಾ ಐದನೇ ಸೆಮಿಸ್ಟರಿಗೆ ಹೋಗುವಾಗ ಕೇಳುವುದು ರೂಢಿ. ಎರಡೂ ಕಾಲೇಜಿನ ಒಪ್ಪಿಗೆ ಬೇಕು. ಅದೇ ವಿಷಯಗಳ ಸಂಯೋಜನೆ ಅಲ್ಲಿ ಇರಬೇಕು. ವಿಶ್ವವಿದ್ಯಾಲಯವೇ ಬೇರೆಯಾದರೆ ಅರ್ಹತಾ ಪತ್ರ ಮತ್ತು ಪೇಪರುಗಳ ಸಮಾನತೆ ಬೇಕು. ಸ್ವಾಯತ್ತ ಕಾಲೇಜಿನಿಂದ ಬರುವವರಿಗೂ ಇದೇ ತೊಡಕು, ಅವರ ಪಠ್ಯಕ್ರಮವೂ ಮುಂದಿನ ವರ್ಷಕ್ಕೆ ಬಡ್ತಿ ಕೊಡುವ ನಿಯಮವೂ ತಮ್ಮದೇ ಆಗಿರುತ್ತದೆ.

ಎಂಜಿನಿಯರಿಂಗ್‌ನಲ್ಲೂ ಇದೇ ನಿಯಮವಾ?

ಅಲ್ಲ, ಅಲ್ಲಿ ಬಿಗಿ ಹೆಚ್ಚು. ವಿಟಿಯುನಲ್ಲಿ ಹಾಜರಾತಿ 75 ಅಲ್ಲ, ಪ್ರತಿ ವಿಷಯಕ್ಕೂ 85 ಶೇಕಡಾ. ಸರಿಯಾದ ಕಾರಣ ಇದ್ದರೆ 10 ಶೇಕಡಾದವರೆಗೆ ಮನ್ನಾ ಆಗಬಹುದು. 2022ರ ಸ್ಕೀಮಿನಲ್ಲಿ ಸಿಐಇಗೆ (ಆಂತರಿಕ ಮೌಲ್ಯಮಾಪನಕ್ಕೆ) 50, ಸೆಮಿಸ್ಟರ್ ಪರೀಕ್ಷೆಗೆ 50. ಸಿಐಇಯಲ್ಲಿ 20 ಬಾರದಿದ್ದರೆ ಪರೀಕ್ಷೆಗೆ ಕೂರಲು ಅರ್ಹತೆಯೇ ಇಲ್ಲ. ಪರೀಕ್ಷೆಯಲ್ಲಿ 18 ಬೇಕು, ಎರಡೂ ಸೇರಿ 40 ಬೇಕು. 18 ಮತ್ತು 20 ಕೂಡಿದರೆ 38, ಅದು ಫೇಲು. ಇದನ್ನು ಗಮನಿಸದೆ ಪಾಸಾದೆ ಅಂದುಕೊಂಡವರು ಬಹಳ.

ಬೆಸದಿಂದ ಸಮ ಸೆಮಿಸ್ಟರಿಗೆ ಹೋಗುವುದಕ್ಕೆ ಅಡ್ಡಿಯಿಲ್ಲ, ಆದರೆ ವರ್ಷದಿಂದ ವರ್ಷಕ್ಕೆ ಹೋಗುವಾಗ ಬಾಕಿ ವಿಷಯಗಳಿಗೆ ಮಿತಿ ಇರುತ್ತದೆ. ಮಿತಿ ದಾಟಿದರೆ ಇಯರ್ ಬ್ಯಾಕ್, ಅಂದರೆ ಮುಂದಿನ ವರ್ಷಕ್ಕೆ ಹೋಗದೆ ನಿಲ್ಲಬೇಕು. ಮಕ್ಕಳ ಬಾಯಲ್ಲಿ ಓಡಾಡುವ ‘ನಾಲ್ಕು ಬ್ಯಾಕ್’ ಎನ್ನುವ ಲೆಕ್ಕ ಹಿಂದಿನ ಸ್ಕೀಮುಗಳಿಂದ ಬಂದದ್ದು. ನಿಮ್ಮ ಸ್ಕೀಮಿನ ನಿಯಮಾವಳಿಯಲ್ಲಿ ಬಡ್ತಿಯ ಭಾಗವನ್ನೇ ತೆಗೆದು ಓದಿ. ಬಿಇ ಮುಗಿಸಲು ಗರಿಷ್ಠ 8 ವರ್ಷ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷಕ್ಕೆ ಬಂದವರಿಗೆ 6.

ಪದವಿ ಕೈಗೆ ಬರದಂತೆ ತಡೆಯುವುದು ಬಹಳ ಸಲ ದೊಡ್ಡ ವಿಷಯಗಳಲ್ಲ, ಚಿಕ್ಕವು. ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಕೇಳುವ ಚಟುವಟಿಕೆ ಅಂಕ 100 ಆಗಬೇಕು, ನೇರ ಎರಡನೇ ವರ್ಷಕ್ಕೆ ಬಂದ ಲ್ಯಾಟರಲ್ ಎಂಟ್ರಿಯವರಿಗೆ 75. ಇದು ಸಿಜಿಪಿಎಗೆ ಸೇರುವುದಿಲ್ಲ, ಆದರೆ ಇದಿಲ್ಲದೆ ಪದವಿ ಇಲ್ಲ. ಒಂದು ಕ್ರೆಡಿಟ್ಟಿನ ಸಾಂಸ್ಕೃತಿಕ ಕನ್ನಡ, ಬಳಕೆ ಕನ್ನಡ ಪೇಪರುಗಳನ್ನು ಹಗುರವಾಗಿ ನೋಡಿ, ಕೊನೇ ವರ್ಷದವರೆಗೆ ಬಾಕಿ ಇಟ್ಟುಕೊಂಡವರಿದ್ದಾರೆ. ನಮ್ಮ ಭಾಷೆಯ ಪೇಪರನ್ನು ನಮ್ಮ ಮಕ್ಕಳೇ ಹಾಗೆ ಬಿಡುವುದು ನನಗೆ ನೋವು ಕೊಡುತ್ತದೆ.

ಎಂಬಿಬಿಎಸ್‌ನಲ್ಲಿ?

ಅಲ್ಲಿ ಮೊದಲ ವರ್ಷದ ಪರೀಕ್ಷೆ ಪಾಸಾಗದೆ ಮುಂದೆ ಹೋಗುವಂತಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಂತೆ ಮೊದಲ ವರ್ಷಕ್ಕೆ ನಾಲ್ಕು ಪ್ರಯತ್ನ ಮಾತ್ರ, ಸೇರಿದ ದಿನದಿಂದ 9 ವರ್ಷದೊಳಗೆ ಕೋರ್ಸು ಮುಗಿಯಬೇಕು. ಥಿಯರಿಗೆ 75, ಪ್ರಾಯೋಗಿಕಕ್ಕೆ 80 ಶೇಕಡಾ ಹಾಜರಾತಿ.

ಒಂದೆರಡು ಅಂಕದಲ್ಲಿ ಹೋಗಿದೆ. ಮರುಮೌಲ್ಯಮಾಪನಕ್ಕೆ ಹಾಕಲಾ, ಮತ್ತೆ ಬರೆಯಲಾ?

ಎರಡೂ ಮಾಡಿ. ಮೊದಲು ಉತ್ತರಪತ್ರಿಕೆಯ ಫೋಟೋಕಾಪಿಗೆ ಅರ್ಜಿ ಹಾಕಿ, ಬಂದದ್ದನ್ನು ನಿಮ್ಮ ಉಪನ್ಯಾಸಕರಿಗೆ ತೋರಿಸಿ. ಒಂದು ಉತ್ತರಕ್ಕೆ ಅಂಕವೇ ಹಾಕಿಲ್ಲದಿರುವುದು, ಕೂಡುವಾಗ ತಪ್ಪಾಗಿರುವುದು ಇದರಲ್ಲೇ ಕಾಣುತ್ತದೆ. ಮರುಮೌಲ್ಯಮಾಪನದ ಫಲಿತಾಂಶಕ್ಕಾಗಿ ಕಾಯುತ್ತಾ ಮುಂದಿನ ಪರೀಕ್ಷೆಯ ಅರ್ಜಿಯ ದಿನಾಂಕ ಬಿಡಬೇಡಿ. ಅದು ತಡವಾಗಿ ಬಂದರೆ ಆರು ತಿಂಗಳು ಹೋಗುತ್ತದೆ, ಕಟ್ಟಿದ ಶುಲ್ಕ ಹೋದರೆ ಅಷ್ಟು ನಷ್ಟವಲ್ಲ. ಶುಲ್ಕ ಕಟ್ಟಲು ಕಷ್ಟ ಇರುವ ಮಕ್ಕಳು ನಮಗೆ ಹೇಳಿ. ಎಷ್ಟೋ ಕಾಲೇಜುಗಳಲ್ಲಿ ಮೇಷ್ಟ್ರುಗಳೇ ಸೇರಿ ಕಟ್ಟಿದ್ದಿದೆ.

ಐದನೇ ಸೆಮ್‌ನ ಒಂದು ಪೇಪರ್ ಬಾಕಿ. ಎಂಎಗೋ ಬಿಎಡ್‌ಗೋ ಅರ್ಜಿ ಹಾಕಬಹುದಾ?

ಅರ್ಜಿ ಹಾಕುವುದು ಬೇರೆ, ಸೀಟು ಉಳಿಸಿಕೊಳ್ಳುವುದು ಬೇರೆ. ಪ್ರವೇಶದ ಹೊತ್ತಿಗೆ ಆರೂ ಸೆಮಿಸ್ಟರ್ ಪಾಸಾದ ಮಾರ್ಕ್ಸ್ ಕಾರ್ಡು ಕೇಳುತ್ತಾರೆ. ಫಲಿತಾಂಶ ಬಾಕಿ ಇರುವವರಿಗೆ ಕೆಲವೊಮ್ಮೆ ತಾತ್ಕಾಲಿಕ ಪ್ರವೇಶ ಸಿಗುತ್ತದೆ, ಪೇಪರ್ ಬಾಕಿ ಇರುವವರಿಗೆ ಇಲ್ಲ. ಈ ಎರಡರ ವ್ಯತ್ಯಾಸ ತಿಳಿಯದೆ ಬಸ್ ಚಾರ್ಜು ಖರ್ಚು ಮಾಡಿಕೊಂಡು ಧಾರವಾಡಕ್ಕೋ ಶಿವಮೊಗ್ಗಕ್ಕೋ ಕೌನ್ಸೆಲಿಂಗಿಗೆ ಹೋಗಿ ಅಳುತ್ತಾ ಬಂದವರಿದ್ದಾರೆ. ಮೂರನೇ ವರ್ಷಕ್ಕೆ ಕಾಲಿಟ್ಟ ದಿನ ಬಾಕಿ ಪೇಪರುಗಳ ಪಟ್ಟಿ ಮಾಡಿ ಓದುವ ಮೇಜಿನ ಎದುರು ಅಂಟಿಸಿ.

ನಾನು ಎನ್‌ಇಪಿ ಬ್ಯಾಚು. ಮೂರು ವರ್ಷ ಸಾಕಾ, ನಾಲ್ಕನೇ ವರ್ಷ ಮಾಡಬೇಕಾ?

ಇಲ್ಲಿ ಕೆಲಸ, ಸ್ಪರ್ಧಾತ್ಮಕ ಪರೀಕ್ಷೆ, ಬಿಎಡ್, ಎರಡು ವರ್ಷದ ಎಂಎ ಗುರಿಯಾದರೆ ಮೂರು ವರ್ಷ ಸಾಕು. ನಾಲ್ಕನೇ ವರ್ಷ ಓದಿದವರಿಗೆ ಒಂದೇ ವರ್ಷದ ಸ್ನಾತಕೋತ್ತರಕ್ಕೆ ಯುಜಿಸಿಯ ಚೌಕಟ್ಟಿನಲ್ಲಿ ಅವಕಾಶವಿದೆ. ನಾಲ್ಕು ವರ್ಷದ ಪದವಿಯಲ್ಲಿ 75 ಶೇಕಡಾ ಇದ್ದರೆ, 2022ರ ಪಿಎಚ್‌ಡಿ ನಿಯಮದ ಪ್ರಕಾರ ಎಂಎ ಇಲ್ಲದೆಯೂ ಸಂಶೋಧನೆಗೆ ಪ್ರಯತ್ನಿಸಬಹುದು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲ ವಿದ್ಯಾರ್ಥಿಗಳಿಗೆ 5 ಶೇಕಡಾ ಸಡಿಲಿಕೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಒಟ್ಟು ಹದಿನಾರು ವರ್ಷದ ಓದು ಕೇಳುತ್ತವೆ, ಅಲ್ಲಿಗೆ ಹೋಗುವ ಆಸೆಯಿದ್ದರೆ ಇದನ್ನು ಮೊದಲೇ ಯೋಚಿಸಿ. ಉಳಿದಂತೆ, ಮನೆಯ ಖರ್ಚು ನಿಮ್ಮ ದುಡಿಮೆಗೆ ಕಾಯುತ್ತಿದ್ದರೆ ನಾಲ್ಕನೇ ವರ್ಷ ಮಾಡಲಿಲ್ಲ ಅಂತ ಕೊರಗುವ ಅಗತ್ಯವಿಲ್ಲ.

ಒಟ್ಟಿಗೆ ಎರಡು ಪದವಿ ಮಾಡಬಹುದಾ?

2022ರಿಂದ ಯುಜಿಸಿ ಒಪ್ಪಿದೆ. ತರಗತಿಯ ಸಮಯ ಒಂದಕ್ಕೊಂದು ಅಡ್ಡ ಬರಬಾರದು. ಒಂದು ಕಾಲೇಜಿನಲ್ಲಿ, ಇನ್ನೊಂದು ಮುಕ್ತ ವಿಶ್ವವಿದ್ಯಾಲಯದಲ್ಲಿ ಮಾಡುವುದು ನಡೆಯುವ ದಾರಿ. ಬ್ಯಾಕ್ ಇರುವವರು ಮೊದಲು ಅದನ್ನು ಮುಗಿಸಿ.

ಕಾಲೇಜಿನಲ್ಲಿ ಒಂದು ಹೇಳುತ್ತಾರೆ, ಪೋರ್ಟಲಿನಲ್ಲಿ ಇನ್ನೊಂದು ಕಾಣುತ್ತದೆ. ಯಾರನ್ನು ಕೇಳಬೇಕು?

ಪ್ರವೇಶ, ಪರೀಕ್ಷೆ, ಫಲಿತಾಂಶಗಳನ್ನು ನೋಡಿಕೊಳ್ಳುವ ರಾಜ್ಯದ ಯುಯುಸಿಎಂಎಸ್ ಪೋರ್ಟಲಿನಲ್ಲಿ ಅಂಕ ತಪ್ಪಾಗಿ ಕಾಣುವುದು, ಬರೆದ ಪರೀಕ್ಷೆಗೆ ಗೈರು ಅಂತ ಬರುವುದು, ಪಾಸಾದ ಪೇಪರು ಮತ್ತೆ ಬಾಕಿ ತೋರಿಸುವುದು ನಡೆಯುತ್ತದೆ. ಒಮ್ಮೆ ನಮ್ಮ ಹುಡುಗನೊಬ್ಬನಿಗೆ ಹೀಗೇ ಗೈರು ಅಂತ ಬಂತು. ಅವನು ಹಾಲ್ ಟಿಕೆಟ್ ಎಸೆದಿರಲಿಲ್ಲ, ಅದರ ಮೇಲೆ ಕೊಠಡಿ ಮೇಲ್ವಿಚಾರಕರ ಸಹಿ ಇತ್ತು. ಆ ಒಂದು ಸಹಿಯಿಂದ ಅವನ ಪೇಪರ್ ಉಳಿಯಿತು.

ಮೊದಲು ಕಾಲೇಜಿನ ಪರೀಕ್ಷಾ ವಿಭಾಗ, ಆಮೇಲೆ ಪ್ರಾಂಶುಪಾಲರು. ಅಲ್ಲಿ ಬಗೆಹರಿಯದಿದ್ದರೆ ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರಿಗೆ, ಪ್ರಾಂಶುಪಾಲರ ಮೂಲಕ, ಬರಹದಲ್ಲಿ ಅರ್ಜಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ. ಅರ್ಜಿಯಲ್ಲಿ ನೋಂದಣಿ ಸಂಖ್ಯೆ, ಸೆಮಿಸ್ಟರು, ವಿಷಯ ಸಂಕೇತ, ಪರೀಕ್ಷೆ ಬರೆದ ದಿನಾಂಕ ಇರಲಿ. ಹಾಲ್ ಟಿಕೆಟ್, ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಲಗತ್ತಿಸಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೇ ಕೌಂಟರ್ ಬಿಡಿ.